ಕಲ್ಲಿಗೆ ಹಾಡು, ಹಾಡಿಗೆ ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಅರ್ಧ ಜನ ಬರೆಯುವವರು, ಅರ್ಧ ಜನ ಬಿಡಿಸುವವರು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ತಮ್ಮ ಕೆಲಸದಿಂದಲೇ ಉತ್ತರ ಕೊಡಬೇಕು ಅನ್ನುವುದಷ್ಟೇ ನಿಯಮ. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಅವವೇ. ಪ್ರತಿ ಸಲವೂ ಚಹಾ ಆರಿಹೋಗುವ ತನಕ ಹೇಳುತ್ತ ಕೂರುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಅಭಿಪ್ರಾಯಗಳು ನನ್ನವು. ಗುಂಪಿನಲ್ಲಿ ಎಲ್ಲರೂ ಒಪ್ಪಿದ್ದಾರೆ ಅಂದುಕೊಳ್ಳಬೇಡಿ.

ಚಿತ್ರಕ್ಕೆ ಕವಿ ಸ್ಪಂದಿಸುವುದು ಅಂದರೆ ಚಿತ್ರವನ್ನು ಮಾತಿನಲ್ಲಿ ವರ್ಣಿಸುವುದೇ?

ವರ್ಣಿಸಿದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಮೊದಲ ಭೇಟಿಯಲ್ಲೇ ನೋಡಿದೆವು. ಚಿತ್ರಗಾರರೊಬ್ಬರು ಒಂದು ಕ್ಯಾನ್ವಾಸ್ ತಂದು ಗೋಡೆಗೆ ಒರಗಿಸಿದ್ದರು. ಕೆಂಪು ನೆಲ, ಖಾಲಿ ಕುರ್ಚಿ, ಕಿಟಕಿಯ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ. ಕವಯಿತ್ರಿಯೊಬ್ಬರು ಅದರ ಮೇಲೆ ಬರೆದದ್ದನ್ನು ಓದಿದರು. ಕವಿತೆಯಲ್ಲಿ ಕೆಂಪು ನೆಲವಿತ್ತು, ಖಾಲಿ ಕುರ್ಚಿಯಿತ್ತು, ಹಳದಿ ಚುಕ್ಕೆಯೂ ಇತ್ತು. ಮುಗಿದ ಮೇಲೆ ಚಿತ್ರಗಾರರು ತುಂಬ ಮೆತ್ತಗೆ ಕೇಳಿದರು: "ಇದನ್ನೆಲ್ಲ ನಾನೇ ಹಾಕಿದ್ದೀನಲ್ಲ ಮೇಡಂ, ನೀವೇನು ಹಾಕಿದ್ರಿ?"

ಮುಂದಿನ ತಿಂಗಳು ಕವಯಿತ್ರಿ ತಂದದ್ದು ಎರಡೇ ಸಾಲು. ಕುರ್ಚಿಯಿಂದ ಎದ್ದು ಹೋದವರು ದೀಪ ಆರಿಸದೆ ಯಾಕೆ ಹೋದರು ಅನ್ನುವ ಪ್ರಶ್ನೆ. ಚಿತ್ರಗಾರರು ತಮ್ಮದೇ ಚಿತ್ರದ ಹತ್ತಿರ ಹೋಗಿ ನಿಂತು, "ಓ, ಅದು ದೀಪವಾ!" ಅಂದರು. ಅಲ್ಲಿಯ ತನಕ ಅವರ ಪಾಲಿಗೆ ಅದು ಬರೀ ಹಳದಿ ಚುಕ್ಕೆ.

ನನಗೆ ಸ್ಪಂದನೆ ಅಂದರೆ ಇಷ್ಟೇ. ನೋಡಿದ್ದನ್ನು ಒಪ್ಪಿಸುವುದು ಬೇರೆ, ನೋಡಿದ್ದನ್ನು ಮಾತಾಡಿಸುವುದು ಬೇರೆ. ಈ ಕೆಲಸಕ್ಕೆ ಇವತ್ತು ಎಕ್‌ಫ್ರಾಸಿಸ್ ಅನ್ನುವ ಗ್ರೀಕ್ ಮೂಲದ ಹೆಸರಿದೆ. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಇದು ಪಶ್ಚಿಮದಿಂದ ಬಂದ ಪದ್ಧತಿ ಅಲ್ಲವೇ? ಕನ್ನಡದಲ್ಲಿ ಹಿಂದೆ ಇತ್ತೇ?

ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸನ್ನಿಧಿಯಲ್ಲೇ ಕಲ್ಲಿನ ಮೇಲೆ ಕೊರೆದಿಟ್ಟಿದ್ದಾರೆ. ಸುಮಾರು 1180ರ ಹೊತ್ತಿನ ಶಾಸನ. ಬರೆದವನು ಬೊಪ್ಪಣ ಪಂಡಿತ. ಚಾವುಂಡರಾಯ ಮೂರ್ತಿಯನ್ನು ನಿಲ್ಲಿಸಿ ಆಗಲೇ ಇನ್ನೂರು ವರ್ಷದ ಹತ್ತಿರ ಆಗಿತ್ತು. "ಅತಿತುಂಗಾಕೃತಿಯಾದೊಡೆ" ಎಂದು ಶುರುವಾಗುವ ಪದ್ಯ ಅದರಲ್ಲಿದೆ. ಅದರ ತರ್ಕ ನೋಡಿ: ಆಕೃತಿ ತೀರಾ ಎತ್ತರವಾದರೆ ಅದರಲ್ಲಿ ಚೆಲುವು ಬರುವುದಿಲ್ಲ. ಎತ್ತರ, ಚೆಲುವು ಎರಡೂ ಬಂದರೆ ಅತಿಶಯ ಇರುವುದಿಲ್ಲ. ಮೂರೂ ಒಂದೇ ಕಡೆ ನಿಂತದ್ದು ಇಲ್ಲಿ. ಇವನಿಗೆ ಇವನೇ ಹೋಲಿಕೆ.

ಗೊಮ್ಮಟನ ಮೂಗು ಹೀಗಿದೆ, ಕಾಲಿಗೆ ಸುತ್ತಿದ ಬಳ್ಳಿ ಹಾಗಿದೆ ಅನ್ನುವ ಗೋಜಿಗೆ ಈ ಪದ್ಯ ಹೋಗುವುದಿಲ್ಲ. ಶಿಲ್ಪಿಗೆ ಎದುರಾದ ಕಷ್ಟ ಯಾವುದು ಅಂತ ಕವಿ ಹುಡುಕಿದ್ದಾನೆ. ಸುಮಾರು 57 ಅಡಿಯ ಕಲ್ಲಿನಲ್ಲಿ ಮುಖದ ಪ್ರಸನ್ನತೆಯನ್ನು ಉಳಿಸಿಕೊಳ್ಳುವುದು ಯಾವ ಶಿಲ್ಪಿಗೂ ಭಯ ಹುಟ್ಟಿಸುವ ಕೆಲಸ. ಆ ಭಯವನ್ನು ಗುರುತಿಸಿದ್ದೇ ಬೊಪ್ಪಣನ ಸ್ಪಂದನೆ. ಇದನ್ನು ನಾನು ಕನ್ನಡದ ಬಹಳ ಒಳ್ಳೆಯ ಕಲಾವಿಮರ್ಶೆ ಅಂತಲೂ ಓದುತ್ತೇನೆ.

ಡಿವಿಜಿಯವರ 'ಅಂತಃಪುರಗೀತೆ'ಯನ್ನು ಎಲ್ಲರೂ ಹೆಸರಿಸುತ್ತಾರೆ. ಅದರಲ್ಲಿ ಅಷ್ಟೇನಿದೆ?

ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ, ಯಾಕೆಂದರೆ ನಾನು ಈ ಹುಚ್ಚಿಗೆ ಬಿದ್ದದ್ದೇ ಆ ಪುಸ್ತಕದಿಂದ.

ಮೊದಲು ಕಲ್ಲು. ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದ್ದು, 1117ರಲ್ಲಿ ಪ್ರತಿಷ್ಠೆಯಾದದ್ದು. ಹೊರಗೋಡೆಯ ಮೇಲೆ, ಸೂರಿನ ಕೆಳಗೆ, ಕಂಬದ ತಲೆಯಿಂದ ಮುಂದಕ್ಕೆ ಬಾಗಿ ನಿಂತ ಹೆಂಗಸರಿದ್ದಾರೆ. ಮದನಿಕೆಯರು ಅನ್ನುತ್ತೇವೆ, ಶಿಲಾಬಾಲಿಕೆಯರು ಅಂತಲೂ ಕರೆಯುತ್ತಾರೆ. ಹೊರಗೆ 38, ಒಳಗೆ ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಮಂಟಪದ ಕಂಬಗಳ ಮೇಲೆ 4. ಕಲ್ಲು ಬಳಪದ ಜಾತಿಯದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಅದಕ್ಕೇ ತಲೆಯ ಮೇಲಿನ ಎಲೆಗಳ ಚಪ್ಪರದಲ್ಲಿ, ಕೊರಳ ಸರದ ಒಂದೊಂದು ಮಣಿಯಲ್ಲಿ ಅಷ್ಟು ಕುಸುರಿ ಸಾಧ್ಯವಾಯಿತು. ಒಳಗಿನ ಒಬ್ಬಳ ಕೈಬಳೆ ಅಲುಗಾಡುತ್ತದೆ ಅಂತ ಗೈಡುಗಳು ಮರೆಯದೆ ತೋರಿಸುತ್ತಾರೆ. ಪೀಠದ ಮೇಲೆ ಕೆಲವು ಶಿಲ್ಪಿಗಳು ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಮುಖ್ಯರು. ಜಕಣಾಚಾರಿಯ ಕಥೆ ಕೇಳಿ ಬೆಳೆದ ನಮಗೆ ಈ ಹೆಸರುಗಳು ಇನ್ನೂ ಬಾಯಿಗೆ ಬಂದಿಲ್ಲ, ಏನು ಮಾಡುವುದು.

ಈಗ ಹಾಡು. ಈ ಹೆಂಗಸರನ್ನು ಡಿವಿಜಿ ಚೆನ್ನಕೇಶವನ ಅಂತಃಪುರದವರು ಅಂತ ಭಾವಿಸಿದರು. ಈ ಭಾವನೆಯಿಂದ ಏನಾಯಿತು? ಬಿಡಿಬಿಡಿಯಾಗಿ ನಿಂತಿದ್ದ ಶಿಲ್ಪಗಳೆಲ್ಲ ಒಂದೇ ಮನೆಯವರಾದರು. ಒಳಗೆ ದೇವರು, ಹೊರಗೆ ಇವರು. ಕನ್ನಡಿ ನೋಡಿಕೊಳ್ಳುವವಳು ಯಾರಿಗಾಗಿ ನೋಡಿಕೊಳ್ಳುತ್ತಾಳೆ, ಕುಣಿಯುವವಳು ಯಾರಿಗಾಗಿ ಕುಣಿಯುತ್ತಾಳೆ ಅನ್ನುವುದಕ್ಕೆ ಒಂದು ದಿಕ್ಕು ಸಿಕ್ಕಿತು. ಶಿಲ್ಪಿಗಳು ಇದನ್ನೇ ಅಂದುಕೊಂಡು ಕೆತ್ತಿದರೋ ಇಲ್ಲವೋ, ಹಾಡು ಕೇಳಿದ ಮೇಲೆ ನಮಗೆ ಹಾಗಲ್ಲದೆ ಬೇರೆ ಥರ ಕಾಣುವುದೇ ಕಷ್ಟ.

ಹಾಡುಗಳ ಆರಂಭ ಗಮನಿಸಿ. "ಏನೀ ಮಹಾನಂದವೇ, ಓ ಭಾಮಿನಿ." "ಏನೇ ಶುಕಭಾಷಿಣಿ." ಎರಡೂ ಪ್ರಶ್ನೆಗಳು. ಮುಂಗೈ ಮೇಲೆ ಗಿಳಿ ಕೂರಿಸಿಕೊಂಡವಳನ್ನು ಕಂಡರೆ ನಾನಾಗಿದ್ದರೆ ಗಿಳಿಯ ಕೊಕ್ಕನ್ನು ಹೊಗಳಿ ಕೈತೊಳೆದುಕೊಳ್ಳುತ್ತಿದ್ದೆ. ಡಿವಿಜಿ ಅವಳನ್ನೇ ಮಾತಿಗೆಳೆಯುತ್ತಾರೆ, "ಏನೇ" ಅಂತ ಸಲಿಗೆಯಿಂದ. ಆ 'ಏನೇ'ಯಲ್ಲಿ ಎಂಟುನೂರು ಚಿಲ್ಲರೆ ವರ್ಷದ ದೂರ ಹಾರಿಹೋಗುತ್ತದೆ. ಕೋತಿ ಸೆರಗೆಳೆಯುತ್ತಿರುವ ಹೆಣ್ಣಿಗೆ ಅವರು ಕೊಟ್ಟ ಹೆಸರು 'ಕಪಿಕುಪಿತೆ', ಕನ್ನಡಿ ಹಿಡಿದವಳು 'ಮುಕುರಮುಗ್ಧೆ'. ನಾಲ್ಕೈದು ಅಕ್ಷರದ ಈ ಹೆಸರುಗಳೇ ಅರ್ಧ ಕವಿತೆ.

ಪುಸ್ತಕ ಬಂದದ್ದು 1950ರಲ್ಲಿ. ಹಾಡುವುದಕ್ಕೆಂದೇ ಬರೆದ ಗೀತೆಗಳು. ಹಾಡುವವರ ಬಾಯಿಂದ ಭರತನಾಟ್ಯದವರ ಕಾಲಿಗೆ ಬಂದವು. ಇವತ್ತು ವೇದಿಕೆಯ ಮೇಲೆ ಹುಡುಗಿಯೊಬ್ಬಳು "ನಟನವಾಡಿದಳ್ ತರುಣಿ"ಗೆ ತ್ರಿಭಂಗಿಯಲ್ಲಿ, ಅಂದರೆ ಮೈ ಮೂರು ಕಡೆ ಬಾಗಿದ ನಿಲುವಿನಲ್ಲಿ, ನಿಂತಾಗ ಏನಾಗುತ್ತಿದೆ ಯೋಚಿಸಿ. ಯಾವುದೋ ಕಾಲದ ನರ್ತಕಿಯ ನಿಲುವನ್ನು ಶಿಲ್ಪಿ ಕಲ್ಲಿಗೆ ಕೊಟ್ಟ, ಕಲ್ಲು ಕವಿಗೆ ಕೊಟ್ಟಿತು, ಕವಿ ಗಾಯಕರಿಗೆ ಕೊಟ್ಟರು, ಅದು ಮತ್ತೆ ಮೈಗೆ ಬಂತು.

ಒಂದು ತಕರಾರೂ ಹೇಳಿಬಿಡುತ್ತೇನೆ. ಭಾಷೆ ಅಲ್ಲಲ್ಲಿ ಸಂಸ್ಕೃತದ ಒಡವೆ ಹೇರಿಕೊಂಡು ಭಾರವಾಗಿದೆ. ಆದರೆ ಮದನಿಕೆಯರ ಮೈಮೇಲೂ ಒಡವೆ ಕಡಿಮೆಯಿಲ್ಲ. ಹಾಗಾಗಿ ಹೊಂದುತ್ತದೆ ಅನ್ನುವವರೂ ನಮ್ಮಲ್ಲಿದ್ದಾರೆ.

ಕುವೆಂಪು ಅವರ ಸೋಮನಾಥಪುರದ ಕವಿತೆಯೂ ಇದೇ ಜಾತಿಯದೇ?

ಜಾತಿ ಅದೇ, ದಾರಿ ಬೇರೆ. "ಶಿಲೆಯಲ್ಲವೀ ಗುಡಿಯು, ಕಲೆಯ ಬಲೆಯು" ಅನ್ನುವ ಸಾಲು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆಲ್ಲ ಗೊತ್ತು. ಅದರಲ್ಲಿ ಕುವೆಂಪು ಮಾತಾಡುವುದು ಶಿಲ್ಪದ ಜೊತೆಗಲ್ಲ, ಬಾಗಿಲಲ್ಲಿ ನಿಂತ ಯಾತ್ರಿಕನ ಜೊತೆ. ಕೈಮುಗಿದು ಒಳಗೆ ಬಾ ಅನ್ನುತ್ತಾರೆ. ಗಂಟೆಯ ದನಿಯಿಲ್ಲ, ಜಾಗಟೆಯಿಲ್ಲ, ಕರ್ಪೂರದಾರತಿಯಿಲ್ಲ ಅಂತ ಇಲ್ಲದ್ದರ ಪಟ್ಟಿ ಕೊಡುತ್ತಾರೆ.

ಚಿಕ್ಕಂದಿನಲ್ಲಿ ಇದನ್ನು ಅಲಂಕಾರ ಅಂದುಕೊಂಡಿದ್ದೆ. ಹೋಗಿ ನೋಡಿದ ಮೇಲೆ ತಿಳಿಯಿತು, ಅದು ನೇರ ವರದಿ. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಪೂಜೆ ನಿಂತು ಎಷ್ಟೋ ಕಾಲವಾಗಿದೆ, ಅಲ್ಲಿ ಗಂಟೆ ಬಾರಿಸುವವರೇ ಇಲ್ಲ. ಬೇಲೂರಿನಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ದೇವರು ಮನೆಯಲ್ಲಿದ್ದಾನೆ, ಆದ್ದರಿಂದ ಡಿವಿಜಿಗೆ ಅಂತಃಪುರ ಹೊಳೆಯಿತು. ಸೋಮನಾಥಪುರದಲ್ಲಿ ಪೂಜೆಯ ಜಾಗ ಖಾಲಿಯಿದೆ, ಆ ಜಾಗಕ್ಕೆ ಕುವೆಂಪು ಕಲೆಯನ್ನೇ ತಂದು ಕೂರಿಸಿದರು. ಇಬ್ಬರೂ ಹೊಯ್ಸಳರ ಗುಡಿಯನ್ನೇ ನೋಡಿದ್ದು, ಆದರೆ ಆ ಗುಡಿಯ ಇವತ್ತಿನ ಸ್ಥಿತಿಯೂ ಕವಿತೆಯೊಳಗೆ ಬಂದಿದೆ. ಇಡೀ ಕವಿತೆ ಓದಿದರೂ ಯಾವ ಶಿಲ್ಪ ಎಲ್ಲಿದೆ ಅಂತ ತಿಳಿಯುವುದಿಲ್ಲ. ಗೋಡೆಯ ಮೇಲೆ ಮಲ್ಲಿತಮ್ಮ ಅನ್ನುವ ಶಿಲ್ಪಿ ಹೆಸರು ಹಾಕಿದ ಮೂರ್ತಿಗಳು ಸಾಲುಸಾಲಾಗಿವೆ. ಅವುಗಳಿಗಾಗಿ ಇನ್ನೊಬ್ಬ ಕವಿ ಬರಬೇಕು.

ನಮ್ಮ ಶಾಸ್ತ್ರಗಳಲ್ಲಿ ಇದರ ಬಗ್ಗೆ ಏನಾದರೂ ಇದೆಯೇ?

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದ ಭಾಗದಲ್ಲಿ ವಜ್ರ ಎಂಬ ರಾಜ ಮಾರ್ಕಂಡೇಯ ಋಷಿಯ ಬಳಿ ಮೂರ್ತಿ ಮಾಡುವುದನ್ನು ಕಲಿಸಿ ಅಂತ ಕೇಳುತ್ತಾನೆ. ಋಷಿ ಹೇಳುತ್ತಾರೆ: ಮೂರ್ತಿ ಬೇಕಾದರೆ ಮೊದಲು ಚಿತ್ರ ಬರಬೇಕು. ಚಿತ್ರ ಕಲಿಸಿ ಅಂದರೆ, ನೃತ್ತ ಬರದೆ ಚಿತ್ರ ಬಾರದು. ನೃತ್ತಕ್ಕೆ ವಾದ್ಯ ಗೊತ್ತಿರಬೇಕು, ವಾದ್ಯಕ್ಕೆ ಹಾಡು. ಪಾಪ, ಒಂದು ವಿಗ್ರಹ ಕೇಳಲು ಬಂದ ರಾಜ ಹಾಡಿನಿಂದ ಶುರುಮಾಡಬೇಕಾಯಿತು. ಬೇಲೂರಿನ ಹಾಡಿನ ಕಥೆ ಇದೇ ದಾರಿಯನ್ನು ತಿರುಗಿ ನಡೆದಂತಿದೆ.

ಇನ್ನೊಂದು ಪರಂಪರೆ ಧ್ಯಾನಶ್ಲೋಕದ್ದು. ದೇವತೆಗೆ ಎಷ್ಟು ಕೈ, ಯಾವ ಬಣ್ಣ, ಕೈಯಲ್ಲಿ ಏನು ಅಂತ ಶ್ಲೋಕ ಹೇಳುತ್ತದೆ, ಚಿತ್ರಗಾರ ಬಿಡಿಸುತ್ತಾನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಶ್ರೀತತ್ತ್ವನಿಧಿ' ಹೀಗೆ ಒಂಬತ್ತು ನಿಧಿಗಳಲ್ಲಿ ಶ್ಲೋಕವನ್ನೂ ಚಿತ್ರವನ್ನೂ ಜೋಡಿಸಿದ ದೊಡ್ಡ ಕೆಲಸ. ಅಲ್ಲಿ ಶ್ಲೋಕ ಯಜಮಾನ, ಕುಂಚ ಆಳು. ನಮ್ಮ ಗುಂಪಿಗೆ ಈ ಸಂಬಂಧ ಹಿಡಿಸುವುದಿಲ್ಲ, ಆದರೆ ಆ ಚಿತ್ರಗಳ ಮುಂದೆ ನಿಂತರೆ ವಾದ ಮಾಡಲು ಮನಸ್ಸೂ ಬರುವುದಿಲ್ಲ.

ಚಿತ್ರ ಕಣ್ಣೆದುರು ಇಲ್ಲದಿದ್ದರೆ ಕವಿತೆ ಅರ್ಥವಾಗಬೇಕೇ?

ಆಗಬೇಕು ಅನ್ನುವುದು ನನ್ನ ಹಟ. ಗ್ರೀಕ್ ಕವಿ ಹೋಮರ್ ವರ್ಣಿಸಿದ ವೀರ ಅಖಿಲೀಸನ ಗುರಾಣಿಯನ್ನು ಯಾರೂ ನೋಡಿಲ್ಲ. ಕೀಟ್ಸ್ 1819ರಲ್ಲಿ ಬರೆದ ಗ್ರೀಕ್ ಕಲಶದ ಕವಿತೆಯಲ್ಲಿ ಬರುವುದೆಲ್ಲ ಒಂದೇ ಕಲಶದ ಮೇಲೆ ಸಿಕ್ಕಿಲ್ಲ. ಅವನೂ ಶುರುಮಾಡುವುದು ಪ್ರಶ್ನೆಗಳಿಂದಲೇ: ಇವರು ಯಾವ ಮನುಷ್ಯರು, ಯಾವ ದೇವರು, ಇದೆಂಥ ಬೆನ್ನಟ್ಟುವಿಕೆ? ಡಿವಿಜಿಯ "ಏನೀ", "ಏನೇ" ಪಕ್ಕದಲ್ಲಿಟ್ಟು ಓದಿ, ಮಜಾ ಇದೆ.

ಇಂಗ್ಲಿಷ್ ಕವಿ ಆಡನ್ 1938ರಲ್ಲಿ ಬ್ರಸೆಲ್ಸ್‌ನ ಮ್ಯೂಸಿಯಂ ನೋಡಿ ಬರೆದ ಕವಿತೆಯ ಗತಿ ಇನ್ನೂ ಸ್ವಾರಸ್ಯದ್ದು. ಚಿತ್ರಗಾರ ಬ್ರೂಗೆಲ್‌ನ ಚಿತ್ರದಲ್ಲಿ ಗ್ರೀಕ್ ಪುರಾಣದ ಇಕಾರಸ್, ಮೇಣದ ರೆಕ್ಕೆ ಕಟ್ಟಿಕೊಂಡು ಹಾರಿದವನು, ಆಕಾಶದಿಂದ ಸಮುದ್ರಕ್ಕೆ ಬಿದ್ದಿದ್ದಾನೆ. ಕಾಣುವುದು ಮೂಲೆಯಲ್ಲಿ ಎರಡು ಕಾಲು ಮಾತ್ರ. ಮುಂದುಗಡೆ ರೈತನೊಬ್ಬ ತನ್ನ ಪಾಡಿಗೆ ನೇಗಿಲು ಹೂಡಿದ್ದಾನೆ. ಒಬ್ಬನ ಸಂಕಟದ ಹೊತ್ತಿಗೆ ಪಕ್ಕದವನು ಉಣ್ಣುತ್ತಲೋ ಕಿಟಕಿ ತೆಗೆಯುತ್ತಲೋ ಇರುತ್ತಾನೆ ಅನ್ನುವುದನ್ನು ಆಡನ್ ಹಿಡಿದ. ಆಮೇಲೆ ತಜ್ಞರು ಆ ಚಿತ್ರ ಬ್ರೂಗೆಲ್‌ನ ಕೈಯದೇ, ಯಾರೋ ಮಾಡಿದ ನಕಲೇ ಅಂತ ಅನುಮಾನ ಎತ್ತಿದರು. ಕವಿತೆಗೆ ಕೂದಲೂ ಕೊಂಕಲಿಲ್ಲ.

ಕವಿತೆಗೆ ಚಿತ್ರ ಬಿಡಿಸಿದರೆ ಅದು ಪತ್ರಿಕೆಯ ರೇಖಾಚಿತ್ರವೇ ತಾನೇ?

'ತಾನೇ' ಅನ್ನುವ ತಾತ್ಸಾರ ಬೇಡ. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಅಂಥವರ ರೇಖೆಗಳಿಂದಲೇ ನಮ್ಮಲ್ಲಿ ಎಷ್ಟೋ ಜನ ಕಥೆ, ಕವಿತೆಯ ಪುಟದ ಮೇಲೆ ಕಣ್ಣು ನಿಲ್ಲಿಸಲು ಕಲಿತದ್ದು. ಆದರೆ ಪತ್ರಿಕೆಯ ಕೆಲಸಕ್ಕೆ ಗಡುವು ಇದೆ, ಜಾಗ ಇಷ್ಟೇ ಅಂತ ಇದೆ. ಕವಿತೆಯೊಂದನ್ನು ವರ್ಷಗಟ್ಟಲೆ ತಲೆಯಲ್ಲಿ ಹೊತ್ತು ತಿರುಗುವುದು ಬೇರೆ ಸಂಗತಿ. ಮೈಸೂರಿನಲ್ಲಿ ಹುಟ್ಟಿದ ಚಿತ್ರಗಾರ ಎಸ್.ಜಿ. ವಾಸುದೇವ್ ಅವರ 'ವೃಕ್ಷ' ಸರಣಿಯ ಹಿಂದೆ ಬೇಂದ್ರೆಯವರ ಕಲ್ಪವೃಕ್ಷದ ಹಾಡಿದೆ. ಆ ಮರಗಳಲ್ಲಿ ಎಲೆ ಯಾವುದು, ಹಕ್ಕಿ ಯಾವುದು, ಜೋಡಿಯ ಮುಖ ಯಾವುದು ಅಂತ ಬಿಡಿಸಿ ಹೇಳಲಾಗುವುದಿಲ್ಲ. ಎ.ಕೆ. ರಾಮಾನುಜನ್ ಅವರ ಕವಿತೆಗಳಿಗೂ ವಾಸುದೇವ್ ರೇಖೆಯಲ್ಲಿ ಉತ್ತರ ಬರೆದಿದ್ದಾರೆ. ಚಿತ್ರಗಾರ್ತಿ ನೀಲಿಮಾ ಶೇಖ್ ಅವರು ಕಾಶ್ಮೀರದ ಕವಿ ಆಗಾ ಶಾಹಿದ್ ಅಲಿಯ ಒಂದು ಸಾಲನ್ನು ಹಿಡಿದು ಕಾಶ್ಮೀರದ ಮೇಲೆ ಎತ್ತರದ ಪಟಗಳ ಸರಣಿಯನ್ನೇ ಮಾಡಿದರು, ದಿನವೂ ರಾತ್ರಿ ಕನಸಿನಲ್ಲಿ ಕಾಶ್ಮೀರವನ್ನಿಡು ಎಂಬರ್ಥದ ಸಾಲು ಅದು. ಪಟದ ಮುಂದೆ ಚಿತ್ರ, ಹಿಂದೆ ಬರಹ. ನೋಡುವವರು ಸುತ್ತಿ ಬರಬೇಕು.

ನನಗೆ ತುಂಬ ಇಷ್ಟದ ಉದಾಹರಣೆ ಅಮೆರಿಕದ್ದು. ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ವೃತ್ತಿಯಲ್ಲಿ ಡಾಕ್ಟರು. ನ್ಯೂಯಾರ್ಕಿನಲ್ಲಿ ಚಿತ್ರಗಾರ ಗೆಳೆಯನ ಸ್ಟುಡಿಯೋಗೆ ನಡೆದು ಹೋಗುವಾಗ ಅಗ್ನಿಶಾಮಕ ಗಾಡಿಯೊಂದು ಗಂಟೆ ಬಾರಿಸುತ್ತ ಧಡಧಡ ಹಾದುಹೋಯಿತು. ಕೆಂಪಿನ ಮೇಲೆ ಬಂಗಾರದ 5 ಅಷ್ಟೇ ಕಂಡದ್ದು. ಪುಟ್ಟ ಕವಿತೆಯಾಯಿತು, 1921ರಲ್ಲಿ ಪುಸ್ತಕಕ್ಕೆ ಸೇರಿತು. ಇನ್ನೊಬ್ಬ ಗೆಳೆಯ ಚಾರ್ಲ್ಸ್ ಡಿಮುತ್ 1928ರಲ್ಲಿ ಅದನ್ನು ಚಿತ್ರ ಮಾಡಿದ. ಅದರಲ್ಲಿ ಗಾಡಿಯನ್ನು ಹುಡುಕಬೇಕು, ಕಣ್ಣಿಗೆ ಹೊಡೆಯುವುದು 5 ಮಾತ್ರ. ಒಂದರೊಳಗೊಂದು ಮೂರು ಗಾತ್ರದಲ್ಲಿದೆ: ದೂರದಿಂದ ಹತ್ತಿರಕ್ಕೆ ನುಗ್ಗಿ ಬರುತ್ತಿದೆಯೋ, ಹತ್ತಿರದಿಂದ ದೂರ ಹೋಗುತ್ತಿದೆಯೋ? ಕವಿತೆಯ ಸದ್ದನ್ನು ಚಿತ್ರ ಹೀಗೆ ಹಿಡಿದಿದೆ. ಮೇಲುಗಡೆ 'ಬಿಲ್' ಅಂತ ಗೆಳೆಯನ ಸಲಿಗೆಯ ಹೆಸರು, ಅಂಗಡಿ ಬೋರ್ಡಿನಂತೆ ಅರ್ಧ ಕತ್ತರಿಸಿದ 'ಕಾರ್ಲೋ'. ಮುಖವಿಲ್ಲದ ಭಾವಚಿತ್ರ ಅದು.

ಇಬ್ಬರೂ ಒಟ್ಟಿಗೆ ಕೂತು ಒಂದೇ ಹಾಳೆಯ ಮೇಲೆ ಕೆಲಸ ಮಾಡಬಹುದೇ?

ಮಾಡಬಹುದು, ಜಗಳಕ್ಕೆ ತಯಾರಾಗಿ. ಕವಿ ಫ್ರಾಂಕ್ ಒಹಾರಾ ಮತ್ತು ಚಿತ್ರಗಾರ ಲ್ಯಾರಿ ರಿವರ್ಸ್ 1957ರಿಂದ 1959ರ ತನಕ ಕಲ್ಲಚ್ಚಿನ (ಕಲ್ಲಿನ ಮೇಲೆ ಬಿಡಿಸಿ ಕಾಗದಕ್ಕೆ ಒತ್ತುವ ಲಿಥೋಗ್ರಫಿಯ) ಮೇಲೆ ಹೀಗೆ ದುಡಿದರು. ಕಲ್ಲಚ್ಚಿನಲ್ಲಿ ಬರೆದದ್ದು ತಿರುಗುಮುರುಗಾಗಿ ಮೂಡುತ್ತದೆ, ಹಾಗಾಗಿ ಕವಿ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಅಕ್ಷರ ಬರೆಯಬೇಕಾಯಿತು. ಉಲ್ಟಾ ಬರೆಯುವಾಗ ಉದ್ದ ಸಾಲು ಯಾರಿಗೆ ಬೇಕು! ನಮ್ಮಲ್ಲಿ ಒಮ್ಮೆ ಪ್ರಯತ್ನಿಸಿದಾಗ ಕವಿ ಒಂದು ಪದ ಬರೆಯುವುದರೊಳಗೆ ಚಿತ್ರಗಾರರು ಅರ್ಧ ಹಾಳೆ ಕಪ್ಪು ಮಾಡಿದ್ದರು.

ಒಬ್ಬರೇ ಎರಡೂ ಆಗಿದ್ದರೆ?

ರವೀಂದ್ರನಾಥರನ್ನು ನೋಡಿ. 'ಪೂರಬಿ' ಕವನಸಂಕಲನದ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಒಂದಕ್ಕೊಂದು ಸೇರಿಸುತ್ತ ಹಕ್ಕಿ, ಪ್ರಾಣಿಗಳಂಥ ಆಕಾರಗಳನ್ನು ಮಾಡಿದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನವೇ ಆಯಿತು. ಕವಿತೆಗೆ ಬೇಡವಾದದ್ದೇ ಚಿತ್ರಕ್ಕೆ ಬೀಜ.

ನನಗೆ ಚಿತ್ರಕಲೆಯ ಗಂಧಗಾಳಿ ಇಲ್ಲ. ಎಲ್ಲಿಂದ ಶುರುಮಾಡಲಿ?

ಚಿತ್ರದ ಮುಂದೆ ಇಪ್ಪತ್ತು ನಿಮಿಷ ಪೆನ್ನು ಮುಟ್ಟದೆ ಕೂರಿ. ಮೊಬೈಲಿನಲ್ಲಿ ಫೋಟೋ ತೆಗೆಯಬೇಡಿ, ತೆಗೆದರೆ ನೋಡಿದಂತಾಯಿತು ಅಂತ ಕಣ್ಣು ರಜೆ ಹಾಕುತ್ತದೆ. ಆಮೇಲೆ ಹತ್ತು ಪ್ರಶ್ನೆ ಬರೆಯಿರಿ. ಉತ್ತರ ಬರೆಯಬೇಡಿ.

ಅದೂ ಆಗದಿದ್ದರೆ ಕಾಳಿದಾಸನ ದುಷ್ಯಂತ ಮಾಡಿದಂತೆ ಮಾಡಿ. ಶಾಕುಂತಲದ ಆರನೇ ಅಂಕದಲ್ಲಿ ಅವನು ಶಕುಂತಲೆಯ ಚಿತ್ರ ಬಿಡಿಸಿ ಎದುರಿಗಿಟ್ಟುಕೊಂಡಿದ್ದಾನೆ. ಚಿತ್ರದಲ್ಲಿರುವ ದುಂಬಿಯನ್ನೇ ನಿಜವೆಂದು ಗದರಿಸುವಷ್ಟು ಮೈಮರೆತಿದ್ದಾನೆ. ಆದರೆ ನನಗೆ ಅದಕ್ಕಿಂತ ಹೆಚ್ಚು ಹಿಡಿಸುವುದು ಇನ್ನೂ ಬಿಡಿಸದೆ ಉಳಿದದ್ದರ ಪಟ್ಟಿ: ಮರಳ ಮೇಲೆ ಹಂಸದ ಜೋಡಿ ಒರಗಿರುವ ಮಾಲಿನಿ ನದಿ, ನಾರುಬಟ್ಟೆ ನೇತುಹಾಕಿದ ಮರ, ಅದರ ಕೆಳಗೆ ಗಂಡು ಕೃಷ್ಣಮೃಗದ ಕೊಂಬಿಗೆ ತನ್ನ ಎಡಗಣ್ಣನ್ನು ಉಜ್ಜಿಕೊಳ್ಳುತ್ತಿರುವ ಹೆಣ್ಣು ಜಿಂಕೆ. ಚೂಪಾದ ಕೊಂಬಿಗೆ ಕಣ್ಣು ಒಡ್ಡುವ ಆ ನಂಬಿಕೆ! ಹೆಂಡತಿಯನ್ನು ಗುರುತಿಲ್ಲ ಅಂತ ಕಳಿಸಿದ ರಾಜನ ಬಾಯಲ್ಲಿ ಆ ಮಾತು ಬರುತ್ತದೆ, ಅದೂ ಚಿತ್ರದಲ್ಲಿ ಇಲ್ಲದ ಜಿಂಕೆಯ ಬಗ್ಗೆ. ನಿಮ್ಮ ಎದುರಿನ ಚಿತ್ರದಲ್ಲಿ ಏನು ಇನ್ನೂ ಬಂದಿಲ್ಲ ಅಂತ ಬರೆಯಲು ಕೂತರೆ ಖಾಲಿ ಹಾಳೆಯ ಭಯ ಇರುವುದಿಲ್ಲ.

ಕವಿತೆ ಕೊಟ್ಟರೆ ಎಐ ಚಿತ್ರ ಬಿಡಿಸಿಕೊಡುತ್ತದಲ್ಲ?

ಕೊಡುತ್ತದೆ. ನಾವು ನೋಡಿದ ಮಟ್ಟಿಗೆ ಕವಿತೆಯಲ್ಲಿರುವ ನಾಮಪದಗಳನ್ನೆಲ್ಲ ತಂದು ಗುಡ್ಡೆ ಹಾಕುತ್ತದೆ. ಮೇಲಿನ ಕೆಂಪು ನೆಲ, ಖಾಲಿ ಕುರ್ಚಿಯ ಕಥೆಯೇ.

ಪ್ರದರ್ಶನದಲ್ಲಿ ಕವಿತೆಯನ್ನು ಚಿತ್ರದ ಪಕ್ಕದಲ್ಲೇ ಹಾಕಬೇಕೇ?

ನಾವು ಮೊದಲ ಸಲ ಹಾಗೇ ಮಾಡಿ ಕೆಟ್ಟೆವು. ಜನ ಬಂದು ಕವಿತೆ ಓದಿದರು, ಓದಿದ್ದು ಚಿತ್ರದಲ್ಲಿದೆಯಾ ಅಂತ ಟಿಕ್ ಹಾಕುವವರ ಹಾಗೆ ಒಮ್ಮೆ ಕಣ್ಣಾಡಿಸಿದರು, ಮುಂದೆ ಹೋದರು. ಎರಡನೇ ಸಲ ಚಿತ್ರಗಳನ್ನು ಒಂದು ಕೋಣೆಯಲ್ಲಿ, ಕವಿತೆಗಳನ್ನು ಪಕ್ಕದ ಕೋಣೆಯಲ್ಲಿ ಇಟ್ಟೆವು. ಈ ಕೋಣೆಯಿಂದ ಆ ಕೋಣೆಗೆ ಮೂರು ಸಲ ಓಡಾಡಿದ ಒಬ್ಬ ಅಜ್ಜಿ ಕವಿತೆಯೊಂದನ್ನು ಬೇರೆಯೇ ಚಿತ್ರಕ್ಕೆ ಜೋಡಿಸಿಕೊಂಡಿದ್ದರು. ಅವರ ಜೋಡಿಯೇ ನಮ್ಮದಕ್ಕಿಂತ ಚೆನ್ನಾಗಿತ್ತು.

ಅನುಮತಿ ಕೇಳಬೇಕೇ?

ಚಿತ್ರ ನೋಡಿ ಹುಟ್ಟಿದ ಕವಿತೆ ನಿಮ್ಮದು, ಬರೆಯಲು ಯಾರ ಅಪ್ಪಣೆಯೂ ಬೇಡ. ಅದರ ಜೊತೆ ಆ ಚಿತ್ರವನ್ನೂ ಅಚ್ಚು ಮಾಡುವುದಾದರೆ ಚಿತ್ರಗಾರರನ್ನು ಕೇಳಬೇಕು. ಚಿತ್ರ ದುಡ್ಡು ಕೊಟ್ಟು ಕೊಂಡಿದ್ದೇನೆ ಅಂದರೆ ಸಾಲದು, ಹಕ್ಕುಸ್ವಾಮ್ಯ ಬೇರೆ. ಕ್ಯಾನ್ವಾಸಿನ ಮೇಲೆ ಇನ್ನೊಬ್ಬರ ಕವಿತೆಯ ಸಾಲು ಬರೆಯುವಾಗಲೂ ಹೀಗೆಯೇ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಲೆಕ್ಕ ಹಾಕಿಕೊಳ್ಳಿ. ದಾಸೋಜ, ಚಾವಣರ ವಿಷಯದಲ್ಲಿ ಈ ತಲೆನೋವಿಲ್ಲ.

ಮದನಿಕೆಯರನ್ನು ನೋಡಲು ಬೇಲೂರಿಗೆ ಯಾವ ಹೊತ್ತಿಗೆ ಹೋಗಲಿ?

ಬೆಳಗ್ಗೆ ಬೇಗ, ಇಲ್ಲವೇ ಸಂಜೆ. ನಡುಮಧ್ಯಾಹ್ನ ಸೂರಿನ ನೆರಳು ಅವರ ಮುಖದ ಮೇಲೇ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಚಪ್ಪಲಿ ಹೊರಗೆ ಬಿಡಬೇಕು, ಅಂಗಳದ ಕಲ್ಲುಹಾಸು ಕಾದ ಹೆಂಚು. ಕಾಲುಚೀಲ ಒಯ್ಯಿರಿ. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಅದೂ ಇರಲಿ, ಯಾಕೆಂದರೆ ಅವರು ನಿಂತಿರುವುದು ನಮ್ಮ ತಲೆಗಿಂತ ಎಷ್ಟೋ ಮೇಲೆ. ಕತ್ತೆತ್ತಿ ನೋಡುವಾಗ ಗಮನಿಸಿ, ಅವರು ಮುಂದಕ್ಕೆ ಬಾಗಿದ್ದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿವೆ, ವಾರಾಂತ್ಯದಲ್ಲಿ ನೂಕುನುಗ್ಗಲು ಇದ್ದೇ ಇರುತ್ತದೆ. ಮಂಗಳವಾರವೋ ಬುಧವಾರವೋ ಹೋಗಿ, ಗಿಳಿ ಹಿಡಿದವಳ ಕೆಳಗೆ ಜಾಗ ಸಿಗುತ್ತದೆ.